ಕಾಕಾ ಮತ್ತು ಗಜ್ಜರಿಯ ಬುಡ

ನಾನು ನಿಂತಿದ್ದುದು ಅಣ್ಣಾ ನಗರದ ನಮ್ಮ ಕಾಕಾನ ಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎಡಭುಜ ಫ್ರಿಜ್ಜಿಗೆ ತಾಗಿತ್ತು. ಕೈಯಲ್ಲಿ ಅರ್ಧ ಕುಡಿದ ಚಹಾ ಇತ್ತು. ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಹೊತ್ತು. ಕಾಕಾ ನನ್ನಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ಮುಂದೆ ದೊಡ್ಡ ತಟ್ಟೆಯಂಥ ಸ್ಟೀಲಿನ ಪರಾತ, ಪರಾತದ ಅಂಚಿಗೆ ಒರಗಿಸಿದ ತುರಿಮಣೆ. ನಮ್ಮಿಬ್ಬರ ನಡುವೆ ಅಡ್ಡ ಏನೂ ಇರಲಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಬಳಗದಲ್ಲಿ ಈ ಸಂಗತಿಯನ್ನು ಹೇಳುವವರು ಬಹಳ, ನೋಡಿದವರು ಕಡಿಮೆ.

ಗಜ್ಜರಿಯ ಜೊತೆ ಜಗಳವಾಡಿ ಸೋತ ಗಂಡಸು ಈ ಚೆನ್ನೈ ಊರಿಗೆಲ್ಲ ಒಬ್ಬರೇ. ಅವರು ನಮ್ಮ ಕಾಕಾ. ಸೋತೆ ಅಂತ ಇನ್ನೂ ಒಪ್ಪಿಕೊಂಡಿಲ್ಲ, ಅದು ಬೇರೆ! ಗಜ್ಜರಿ ಅಂದರೆ ಕ್ಯಾರೆಟ್ಟೇ. ಆದರೆ ಕ್ಯಾರೆಟ್ ಅಂದರೆ ಕಾಕಾನಿಗೆ ಆಗದು. 'ಅದು ಆಸ್ಪತ್ರಿಯೊಳಗ ಕೊಡೋದು' ಅನ್ನುತ್ತಾರೆ.

ಕಾಕಾ ನನ್ನ ತಂದೆಯ ತಮ್ಮ. ಹರೆಯದಲ್ಲೇ ಗದಗಿನ ಕಡೆಯಿಂದ ಇಲ್ಲಿಗೆ ಬಂದು, ಪ್ಯಾರಿಸ್ ಕಾರ್ನರಿನ ಒಂದು ಗಲ್ಲಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟು, ಮೊಳೆ, ಗರಗಸ, ಕಬ್ಬಿಣ ಉಜ್ಜುವ ಕಾನಸು ಮಾರಿಕೊಂಡೇ ಮುದುಕರಾದವರು. ಅಂಗಡಿ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ಮೇಲೆ ಹಲ್ಲು, ಅಲಗು, ಹರಿತ ಇವುಗಳ ಬಗ್ಗೆ ತಲೆಯಲ್ಲಿ ತುಂಬಿಕೊಂಡಿದ್ದ ವಿದ್ಯೆಯನ್ನೆಲ್ಲ ಎಲ್ಲಿ ಖರ್ಚು ಮಾಡಬೇಕು? ಅಡುಗೆಮನೆಗೆ ಬಂದರು. ಕಾಕುಗೆ, ಅಂದರೆ ಕಾಕಾನ ಹೆಂಡತಿಗೆ, ಅಲ್ಲಿಂದ ಶುರುವಾಯಿತು ನೋಡಿ!

"ಮಂದಿ ಗಂಡಂದಿರು ವಯಸ್ಸಾದ್ರ ಪಾರ್ಕಿಗೆ ಹೊಕ್ಕಾರ. ನಮ್ಮವರು ಪರಾತದಾಗ ಹೊಕ್ಕಾರ," ಎಂದು ಕಾಕು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಆ ಮನೆಯಲ್ಲಿ ಪ್ರತಿ ಸೋಮವಾರ ಗಜ್ಜರಿ ಪಚಡಿ ಆಗಲೇಬೇಕು. ತುರಿದ ಹಸಿ ಗಜ್ಜರಿ, ನೆನೆಸಿದ ಹೆಸರುಬೇಳೆ, ಕೊತ್ತಂಬರಿ, ಲಿಂಬೆಹಣ್ಣಿನ ಹುಳಿ, ಮೇಲೊಂದು ಸಾಸಿವೆಯ ಒಗ್ಗರಣೆ. ಒಗ್ಗರಣೆ ಕಾಕುವಿನದು, ತುರಿ ಕಾಕಾನದು. ತುರಿಯ ಬಗ್ಗೆ ಕಾಕಾನ ಸಿದ್ಧಾಂತ ದೊಡ್ಡದು. ತುರಿಮಣೆಯನ್ನು ಮಲಗಿಸಬಾರದು, ನಿಲ್ಲಿಸಲೂಬಾರದು, ಒರಗಿಸಬೇಕು. ಗಜ್ಜರಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಒತ್ತಬೇಕು. ಕೆಳಗಿನಿಂದ ಮೇಲಕ್ಕೆ ಬರುವಾಗ ಎತ್ತಿಕೊಂಡು ಬರಬೇಕು. ಎರಡೂ ಕಡೆ ಉಜ್ಜುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

"ಪಾತ್ರಿ ತಿಕ್ಕಾಕತ್ತಿಯೇನು? ತುರಿ ಅಂದ್ರ ಉದ್ದ ಬರಬೇಕು, ನೂಲಾಗಬಾರದು. ಹಸಿ ಇರಬೇಕು, ನೀರ ಬಿಡಬಾರದು. ಸರಿ, ಬಿಡು, ನಿನ್ನ ಕೈಲೆ ಆಗೂದಿಲ್ಲ."

ಇದು ನನಗೆ ಹೇಳಿದ್ದು. ನನ್ನ ವಯಸ್ಸು ಐವತ್ತು ದಾಟಿದೆ.

ಪೋರೂರಿನಲ್ಲಿರುವ ಅವರ ಮಗಳು ಶಿವಲೀಲಾ ಅಪ್ಪನ ಮೇಲಿನ ಪ್ರೀತಿಗೆ ಒಂದೊಂದೇ ಹೊಸ ಸಾಮಾನು ತರತೊಡಗಿದಳು. ಮೊದಲು ನಾಲ್ಕು ಮುಖದ ಡಬ್ಬಿಯಂಥ ತುರಿಮಣೆ ಬಂತು. ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಒಂದು ಕೆಲಸಕ್ಕ ನಾಕು ಮುಖ ಯಾಕ? ಉಳಿದ ಮೂರು ಮುಖ ಅಷ್ಟೊತ್ತು ಏನು ಮಾಡ್ತಾವ?" ಅಂದರು. ಆಮೇಲೆ ಮಿಕ್ಸಿಗೆ ಜೋಡಿಸುವ ತುರಿಯುವ ಜಾರು. ಗಿರ್ ಎಂದು ಒಂದು ಸುತ್ತು ತಿರುಗಿಸುವಷ್ಟರಲ್ಲಿ ಗಜ್ಜರಿ ಪುಡಿಯಾಗಿ ಗೋಡೆಗೆ ಅಂಟಿತ್ತು. "ಇದು ತುರಿದಿದ್ದಲ್ಲವಾ, ಗಜ್ಜರಿ ಹೆದರಿ ಚೂರಾಗಿದ್ದು!" ಅಂದರು. ಮೂರನೆಯದು ಪ್ರದರ್ಶನದಲ್ಲಿ ಕೊಂಡ, ಹಿಡಿಕೆ ತಿರುಗಿಸುವ ಯಂತ್ರ. ಅದರ ತಳದಲ್ಲಿ ಕಟ್ಟೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುವ ರಬ್ಬರು. ಕಾಕಾ ತಿರುಗಿಸಿದ ರಭಸಕ್ಕೆ ಯಂತ್ರ ಕಟ್ಟೆ ಬಿಟ್ಟು, ಅಲ್ಲೇ ಪಾತ್ರೆ ತೊಳೆಯುತ್ತಿದ್ದ ಮನೆಗೆಲಸದ ಸೆಲ್ವಿಯ ಬಕೆಟ್ಟಿಗೆ ಹಾರಿತು. ಎಣ್ಣೂರಿನ ಕಡೆಯ ಹೆಂಗಸು ಸೆಲ್ವಿ, ಸಮುದ್ರ ಕಂಡವಳು, ಸುಲಭಕ್ಕೆ ಬೆಚ್ಚುವವಳಲ್ಲ. ಅವಳೂ "ಅಯ್ಯಯ್ಯೋ ಐಯಾ!" ಎಂದು ಎರಡು ಹೆಜ್ಜೆ ಹಿಂದೆ ಹಾರಿದಳು.

ಕೊನೆಗೆ ಬಂದದ್ದು ಬೆರಳಿಗೆ ಕಾವಲಿರುವ ತುರಿಮಣೆ. ಗಜ್ಜರಿಯ ಬುಡಕ್ಕೆ ಮುಳ್ಳಿನ ಟೋಪಿ ಚುಚ್ಚಿ ಹಿಡಿದುಕೊಂಡರೆ ಬೆರಳು ಹಲ್ಲಿನ ಹತ್ತಿರ ಸುಳಿಯುವುದೇ ಇಲ್ಲ. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಕಾಕಾ ಒಂದು ಗಜ್ಜರಿ ತುರಿದು, ಟೋಪಿ ತೆಗೆದು, ಅದರಲ್ಲಿ ಸಿಕ್ಕಿಕೊಂಡು ಉಳಿದಿದ್ದ ಬುಡವನ್ನು ಎತ್ತಿ ನಮ್ಮ ಮುಖಕ್ಕೆ ಹಿಡಿದರು.

"ಇದು ಹಿಡಿಯೋ ಸಾಮಾನಲ್ಲ, ಕದಿಯೋ ಸಾಮಾನು!"

ಎಲ್ಲ ರಗಳೆಯ ಬೇರು ಇಲ್ಲೇ ಇದೆ, ದಯವಿಟ್ಟು ಗಮನಿಸಿ. ಲೋಕದಲ್ಲಿ ಯಾರೇ ಗಜ್ಜರಿ ತುರಿದರೂ ಹೆಬ್ಬೆರಳಷ್ಟು ಬುಡ ಕೈಯಲ್ಲಿ ಉಳಿಯುತ್ತದೆ. ಬಾಯಿಗೆ ಹಾಕಿಕೊಳ್ಳುತ್ತೇವೆ, ಇಲ್ಲವೇ ಸಾರಿಗೆ ಹಾಕುತ್ತೇವೆ, ಅದೂ ಇಲ್ಲದಿದ್ದರೆ ಬಿಸಾಡುತ್ತೇವೆ. ಕಾಕಾನಿಗೆ ಈ ಮೂರೂ ಸಲ್ಲ. ನಮ್ಮದು ಲಿಂಗ ಕಟ್ಟಿದ ಮನೆತನ. ತಾಟಿನಲ್ಲಿ ಅಗುಳು ಬಿಡುವುದಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತೇವೆ. ಪ್ರಸಾದ ಅಂದ ಮೇಲೆ ಪ್ರಸಾದ. ಇದು ಹಿರಿಯರಿಂದ ಬಂದದ್ದು, ನಾನೂ ಮಾಡುತ್ತೇನೆ. ಆದರೆ ಕಾಕಾ ಇದನ್ನು ತಾಟಿನಿಂದ ಎಳೆದುಕೊಂಡು ಬಂದು ತುರಿಮಣೆಗೆ ಕಟ್ಟಿದರು! ಪಚಡಿಗೆಂದು ಎತ್ತಿಕೊಂಡ ಗಜ್ಜರಿ ಪೂರ್ತಿ ಪಚಡಿಗೇ ಸಲ್ಲಬೇಕು. ಬಾಯಿಗೆ ಹಾಕಿಕೊಂಡರೆ ಲಿಂಗಕ್ಕೆ ಅರ್ಪಿಸುವ ಮೊದಲೇ ಎಂಜಲಾಯಿತು. ಸಾರಿಗೆ ಹಾಕಿದರೆ ಮಾತು ತಪ್ಪಿದಂತಾಯಿತು. ಯಾರಿಗೆ ಕೊಟ್ಟ ಮಾತು? ಗಜ್ಜರಿಗೆ! ತುರಿದಾದ ಮೇಲೆ ತುರಿಮಣೆಯನ್ನೂ ನೀರಿನಲ್ಲಿ ತೊಳೆದು, ಆ ಕೇಸರಿ ಬಣ್ಣದ ನೀರನ್ನು ಲೋಟಕ್ಕೆ ಬಸಿದು, ಊಟಕ್ಕೆ ಕೂತಾಗ ಕುಡಿಯುತ್ತಿದ್ದರು. ಇಡೀ ಜಗತ್ತಿನಲ್ಲಿ ಈ ವ್ರತ ಇದ್ದದ್ದು ಒಬ್ಬರಿಗೇ.

ಹೀಗಾಗಿ ಅವರು ಬುಡವನ್ನು ಮೂರು ಬೆರಳ ತುದಿಯಲ್ಲಿ ಹಿಡಿದು, ಅದು ಕಾಗದದಷ್ಟು ತೆಳ್ಳಗಾಗಿ ಮಾಯವಾಗುವವರೆಗೆ ಹಲ್ಲಿಗೆ ಒತ್ತುತ್ತಿದ್ದರು. ಹೋದ ವರ್ಷ ಬಲಗೈ ತೋರುಬೆರಳಿನ ತುದಿ ಹಲ್ಲಿಗೆ ಸಿಕ್ಕಿತು. ಯಾರಿಗೂ ಹೇಳದೆ ಅರಿಶಿನ ಒತ್ತಿಕೊಂಡು ಕೂತರು. ಕಾಕಾನಿಗೆ ಸಕ್ಕರೆ ಕಾಯಿಲೆ, ಬಹಳ ಹಳೆಯದು. ಗಾಯ ಮಾಗಲಿಲ್ಲ. ಪೋರೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿಕೊಂಡು ಬೆರಳು ಉಳಿಸಿಕೊಂಡದ್ದು. ಕೊನೆಯ ದಿನ ಡಾಕ್ಟರು ನಮ್ಮೆಲ್ಲರ ಮುಂದೆ ತಮಿಳಿನಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಅದೇ ಜಾಗಕ್ಕೆ ಇನ್ನೊಮ್ಮೆ ಗಾಯವಾದರೆ ಔಷಧಿಯಿಂದ ಆಗುವುದಿಲ್ಲ, ಬೆರಳು ತೆಗೆಯಬೇಕಾಗುತ್ತದೆ. ಗೊತ್ತಾಯಿತೇ? ಕಾಕಾ ತಲೆ ಆಡಿಸಿದರು. ಹೊರಗೆ ಬಂದು ಆಟೋ ಹತ್ತುವಾಗ ನನಗೆ ಹೇಳಿದ್ದೇನು?

"ಡಾಕ್ಟರು ಚಲೋ ಮನಷ್ಯಾ. ಆದ್ರ ಅವನ ಕತ್ರಿ ಮೊಂಡೈತಿ. ಬ್ಯಾಂಡೇಜ್ ಹರಿದ, ಕತ್ತರಿಸ್ಲಿಲ್ಲ."

ಅವತ್ತು ಮನೆಗೆ ಬಂದವರೇ ನಾವು ತುರಿಮಣೆ ಬಚ್ಚಿಡತೊಡಗಿದೆವು. ಕಾಕು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರು. ಕಾಕಾ ಹುಡುಕಿ ತೆಗೆದರು. ಸೆಲ್ವಿ ಮಹಡಿ ಮೇಲಿನ ನೀರಿನ ಟ್ಯಾಂಕಿನ ಹಿಂದೆ ಇಟ್ಟಳು. ಮೊಣಕಾಲು ನೋವಿನ ಮನುಷ್ಯ ಮಹಡಿ ಹತ್ತಿ ತಂದರು! ಶಿವಲೀಲಾ ಸಿಟ್ಟಿನಿಂದ ಅದನ್ನು ಪೋರೂರಿಗೇ ಒಯ್ದಳು. ಮುಂದಿನ ಸೋಮವಾರ ಬಾಲ್ಕನಿಯಿಂದ ಟಣ್ ಟಣ್ ಎಂದು ಶಬ್ದ. ಕಾಕಾ ಬಿಸ್ಕತ್ತಿನ ಡಬ್ಬಿಯ ತಗಡಿನ ಮುಚ್ಚಳವನ್ನು ಹಲಗೆಯ ಮೇಲೆ ಇಟ್ಟುಕೊಂಡು, ಮೊಳೆಯಿಂದ ಸಾಲು ಹಿಡಿದು ತೂತು ಹೊಡೆಯುತ್ತಿದ್ದರು. ಹಿಂದಿನ ಕಾಲದಲ್ಲಿ ನಮ್ಮ ಕಡೆ ತುರಿಮಣೆ ಮಾಡುತ್ತಿದ್ದದ್ದೇ ಹೀಗೆ. ಮುಚ್ಚಳದ ಹಿಂಭಾಗದಲ್ಲಿ ಪ್ರತಿ ತೂತಿನ ಸುತ್ತಲೂ ತಗಡು ಹೂವಿನಂತೆ ಅರಳಿ ನಿಲ್ಲುತ್ತದೆ, ಒಂದೊಂದು ಎಸಳೂ ಬ್ಲೇಡು. ನೋಡಿದರೇ ಬೆರಳು ಜುಮ್ಮೆನ್ನುವ ಸಾಮಾನು.

ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಮೇಲೆ ಬಂದರು. "ಎನ್ನ ಸಾರ್, ವೀಡು ಇಡಿಕ್ಕಿರೀಂಗಳಾ?" ಮನೆ ಕೆಡವುತ್ತಿದ್ದೀರಾ ಎಂದು ಅವರ ಪ್ರಶ್ನೆ.

"ಇಲ್ಲೈ ಸಾರ್, ಕ್ಯಾರೆಟ್ ತುರುವಿ ಸೆಯ್ಯಿರೇನ್," ಅಂದರು ಕಾಕಾ, ತುರಿಮಣೆ ಮಾಡುತ್ತಿದ್ದೇನೆ ಎಂದು, ಬಹಳ ಗತ್ತಿನಿಂದ.

"ಅದು ಕಡೈಲ ಕಿಡೈಕ್ಕುಮೇ ಸಾರ್!"

ಅಂಗಡಿಯಲ್ಲಿ ಸಿಗುತ್ತದಲ್ಲ ಅಂದದ್ದು. ಬಾಳೆಲ್ಲ ಕಬ್ಬಿಣದ ಸಾಮಾನು ಮಾರಿದ ಮನುಷ್ಯನಿಗೆ! ಕಾಕಾ ಮೇಷ್ಟ್ರ ಜೊತೆ ಮಾತು ಬಿಟ್ಟರು. ಮೇಷ್ಟ್ರಿಗೆ ಇವತ್ತಿಗೂ ಕಾರಣ ಗೊತ್ತಿಲ್ಲ.

ಆ ತಗಡಿಗೆ ಹೆದರಿ ಕಾಕು ರಾಜಿಗೆ ಒಪ್ಪಿದರು. ಹಳೆಯ ತುರಿಮಣೆ ಮನೆಗೆ ವಾಪಸು. ಕಾಕಾ ತುರಿಯಬಹುದು, ಆದರೆ ಬುಡ ಹೆಬ್ಬೆರಳಷ್ಟು ಉಳಿದ ಕೂಡಲೇ ಬಟ್ಟಲಿಗೆ ಹಾಕಬೇಕು. ಅದನ್ನು ಕಾಕು ಸಾರಿಗೆ ಹಾಕುತ್ತಾರೆ. ತುರಿಯುವಾಗ ಯಾರಾದರೊಬ್ಬರು ಎದುರಿಗೆ ಇರಬೇಕು. ಕಾಕಾ "ಆತು" ಅಂದರು. ಅಂದದ್ದನ್ನು ನಾನು ಕೇಳಿದ್ದೇನೆ.

ಶ್ರಾವಣ ಬಂತು. ಸೋಮವಾರಗಳಂದು ಒಬ್ಬ ಅಯ್ಯನವರನ್ನು ಮನೆಗೆ ಕರೆದು ಊಟಕ್ಕೆ ಕೂಡಿಸುವುದು ಆ ಮನೆಯ ಪದ್ಧತಿ. ಬಹಳ ವಯಸ್ಸಾದ ಜಂಗಮರು ಅವರು, ಮೃದು ಮಾತಿನವರು. ಮೊದಲನೆಯ ಸೋಮವಾರ ಪಚಡಿ ಬಡಿಸುತ್ತ ಕಾಕು ಅವರ ಮುಂದೆ ವ್ಯಾಜ್ಯ ಇಟ್ಟರು.

"ಅಯ್ನೋರ, ನೀವ ಹೇಳ್ರಿ. ಪಚಡಿಗಂತ ತಗೊಂಡ ಗಜ್ಜರಿ ಬುಡ ಸಾರಿಗೆ ಹಾಕಿದ್ರ ಪಾಪ ಬರ್ತೈತೇನ್ರಿ?"

ಅಯ್ಯನವರು ನಕ್ಕರು. "ಯಾತರ ಪಾಪವಾ ತಂಗಿ? ಸಾರಾಗರ ಬರ್ಲಿ, ಪಚಡ್ಯಾಗರ ಬರ್ಲಿ, ಹೋಗೋ ಹೊಟ್ಟಿ ಒಂದ."

ನಾವೆಲ್ಲ ಕಾಕಾನ ಮುಖ ನೋಡಿದೆವು. ಕಾಕಾ ಕೈ ಮುಗಿದರು. ಅಯ್ಯನವರನ್ನು ಗೇಟಿನ ತನಕ ಬಿಟ್ಟು ಬಂದು, ಚಪ್ಪಲಿ ಕಳಚುತ್ತ ಹೇಳಿದರು. "ಅವರಿಗೆ ಬಾಯಾಗ ಹಲ್ಲಿಲ್ಲ. ಅವರು ಸಾರಿನ ಪರವಾಗೇ ಮಾತಾಡ್ತಾರ."

ಈಗ ಎರಡನೆಯ ಸೋಮವಾರ. ಅವತ್ತಿನ ಕಾವಲು ನನ್ನದು. ಕಾಕು ದೇವರ ಕೋಣೆಯಲ್ಲಿದ್ದರು. ಸೆಲ್ವಿ ಪಡಸಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಅಡುಗೆಗೆ ಕೈ ಜೋಡಿಸಲು ಬಂದಿದ್ದ ಶಿವಲೀಲಾ ಬಾಲ್ಕನಿಯಲ್ಲಿ ಫೋನಿನಲ್ಲಿದ್ದಳು. ಪರಾತದಲ್ಲಿ ತುರಿ ಗುಡ್ಡೆಯಾಗಿತ್ತು. ಬಟ್ಟಲಲ್ಲಿ ಬುಡಗಳು ಬಿದ್ದಿದ್ದವು, ನಾನು ನೋಡಿದೆ. ಕಾಕಾ ಒಪ್ಪಂದದಂತೆಯೇ ನಡೆದುಕೊಳ್ಳುತ್ತಿದ್ದರು. ಕೊನೆಯ ಗಜ್ಜರಿ ಬಂತು. ಅದು ಸಣ್ಣದಾಗುತ್ತ ಸಣ್ಣದಾಗುತ್ತ ಅವರ ಬೆರಳುಗಳೊಳಗೆ ಹೋಯಿತು. ಕೈ ಬಟ್ಟಲ ಕಡೆ ಹೋಗಲಿಲ್ಲ.

"ಕಾಕಾ, ಬುಡ," ಅಂದೆ.

"ಗೊತ್ತೈತಿ."

"ಬಟ್ಟಲಿಗೆ ಹಾಕ್ರಿ."

"ಇದೊಂದ. ಅಯ್ನೋರ ತಾಟಿಗೆ ಪೂರ್ತಿ ಒಂದಾರ ಹೋಗ್ಲಿ."

ನಾನು ಲೋಟ ಕೆಳಗಿಡಲು ಬಗ್ಗಿದೆ. ತುರಿಯುವ ಶಬ್ದ ಒಂದೇ ಸಮ ಬರುತ್ತಿತ್ತು, ಸರ್, ಸರ್ ಎಂದು. ಆಮೇಲೆ ಒಂದು ಸಲ ಬೇರೆ ಥರ ಕೇಳಿಸಿತು. ಮೆತ್ತಗೆ. ತಲೆ ಎತ್ತಿದಾಗ ಕಾಕಾ ಬಲಗೈಯನ್ನು ಮುಷ್ಟಿ ಮಾಡಿ ಧೋತರದ ಮಡಿಕೆಯಲ್ಲಿ ಇಟ್ಟುಕೊಂಡಿದ್ದರು. ಎಡಗೈಯಿಂದ ಪರಾತದ ತುರಿಯನ್ನು ಮೇಲೆ ಕೆಳಗೆ ಮಾಡುತ್ತಿದ್ದರು. ಅವಸರದಲ್ಲಿ. ಮೇಲಿದ್ದದ್ದು ಕೆಳಗೆ ಹೋಗಲಿ ಎಂದು.

"ಕೈ ತೋರಸ್ರಿ."

"ಏನಾಗಿಲ್ಲ ಹೋಗು. ನಿನ್ನ ಚಾ ಆರಾಕತ್ತೈತಿ."

"ಕಾಕಾ, ಕೈ ತೋರಸ್ರಿ!"

ನಾನು ಕಿರುಚಿದ್ದೆ ಅಂತ ಆಮೇಲೆ ಸೆಲ್ವಿ ಹೇಳಿದಳು. ನನಗೆ ಅದು ನೆನಪಿಲ್ಲ. ನೆನಪಿರುವುದು, ಅವರ ಧೋತರದ ಮೇಲೆ ಕೆಂಪು ಕಲೆ ಹರಡುತ್ತಿದ್ದದ್ದು ಮತ್ತು ಅವರು ಅದನ್ನು ನೋಡದೆ ಪರಾತವನ್ನೇ ನೋಡುತ್ತಿದ್ದದ್ದು. ನನ್ನ ಜೀವಮಾನದಲ್ಲಿ ನಾನು ಯಾರ ಮೇಲೂ ಅಷ್ಟು ಸಿಟ್ಟಾಗಿಲ್ಲ. ಎದುರಿಗೆ ನಿಂತ ಮನುಷ್ಯ ಬೇಡ ಅನ್ನುತ್ತಿದ್ದಾನೆ, ಡಾಕ್ಟರು ಬೇಡ ಅಂದಿದ್ದಾರೆ, ಸ್ವತಃ ಅಯ್ಯನವರೇ ಪಾಪವಿಲ್ಲ ಅಂದಿದ್ದಾರೆ. ಯಾರನ್ನು ಮೆಚ್ಚಿಸಲು ಈ ಬುಡ? ಶಿವನೇನು ಗಜ್ಜರಿ ತೂಗಿ ನೋಡುತ್ತಾನೆಯೇ?

ಕಾಕು ದೇವರ ಕೋಣೆಯಿಂದ ಬಂದರು. ಕೂಗಲಿಲ್ಲ. ಗಂಡನ ಮುಷ್ಟಿ ಬಿಡಿಸಿ ಬೆರಳು ನೋಡಿದರು. ಅದೇ ಬೆರಳು, ಅದೇ ಜಾಗ. ಒಂದು ಒಗೆದ ಬಟ್ಟೆಯಿಂದ ಬಿಗಿಯಾಗಿ ಸುತ್ತಿದರು. ಆಮೇಲೆ ಪರಾತ ಎತ್ತಿಕೊಂಡರು. ಅಷ್ಟೂ ತುರಿಯನ್ನು, ಪಕ್ಕದ ಬಟ್ಟಲಿನ ಬುಡಗಳ ಸಮೇತ, ಕಾಕಾನ ಕಣ್ಣ ಮುಂದೆಯೇ ಕಸದ ಬುಟ್ಟಿಗೆ ಸುರಿದರು. ಅಗುಳು ಬಿಸಾಡದ ಆ ಮನೆಯಲ್ಲಿ! ಪರಾತವನ್ನು ಬುಟ್ಟಿಯ ಅಂಚಿಗೆ ಬಡಿದರು, ಅಂಟಿದ್ದದ್ದೂ ಬೀಳಲಿ ಎಂದು.

ಕಾಕಾ ಎಡಗೈಯನ್ನು ಬುಟ್ಟಿಯ ಕಡೆ ಚಾಚಿ, ಹಿಂದಕ್ಕೆ ಎಳೆದುಕೊಂಡರು.

"ಅಪ್ಪಾ, ಏನಪ್ಪಾ ಇದು! ಎಷ್ಟು ಸಲ ಸೊಲ್ಲೋದು ಪಾ ನಿಂಗೆ!" ಎಂದು ಶಿವಲೀಲಾ ಅಳತೊಡಗಿದಳು. ಸಿಟ್ಟು ಬಂದರೆ ಅವಳಿಗೆ ಎರಡು ಭಾಷೆಗಳೂ ಒಟ್ಟಿಗೇ ಬರುತ್ತವೆ. ಸೆಲ್ವಿ ಪೊರಕೆ ಬಿಟ್ಟು ಆಟೋ ಕರೆಯಲು ಓಡಿದಳು.

ಅವತ್ತಿನಿಂದ ಕಾಕು ಗಂಡನ ಜೊತೆ ಮಾತು ನಿಲ್ಲಿಸಿದರು. ಆಸ್ಪತ್ರೆಗೆ ಬಂದರು, ಊಟ ತಂದರು, ಮಾತ್ರೆ ಕೊಟ್ಟರು, ರಾತ್ರಿ ಪಕ್ಕದ ಬೆಂಚಿನಲ್ಲಿ ಮಲಗಿದರು. ಮಾತಿಲ್ಲ. ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದರು. "ಅವರಿಗೆ ನೀರು ಬೇಕೇನ ಕೇಳಪಾ." ನಾನು ಕೇಳಬೇಕು. ಕಾಕಾ ಕೈಯಳತೆಯಲ್ಲಿ ಮಲಗಿ, "ಬ್ಯಾಡಂತ ಹೇಳು," ಅನ್ನಬೇಕು. ಬೆರಳಿಗೆ ಕೀವು ಹತ್ತಿತು. ಜ್ವರ ಬಂತು. ಡಾಕ್ಟರು ಮೇಲಿನ ಗೆಣ್ಣನ್ನು ತೆಗೆದರು. ಮೊದಲೇ ಹೇಳಿದ್ದೆನಲ್ಲ ಅಂತ ಅವರು ಅನ್ನಲಿಲ್ಲ. ಆ ಸಭ್ಯತೆಯನ್ನು ಕಂಡೂ ನನಗೆ ಸಿಟ್ಟೇ ಬಂತು. ಯಾರಾದರೊಬ್ಬರು ಆ ಮನುಷ್ಯನಿಗೆ ನಾಲ್ಕು ಮಾತು ಬೈಯಬಾರದೇ?

ಮಾರನೆಯ ದಿನ ಆಸ್ಪತ್ರೆಯ ಊಟದ ತಟ್ಟೆ ಬಂತು. ಅದರಲ್ಲಿ ಬೇಯಿಸಿದ ಕ್ಯಾರೆಟ್ಟಿನ ಚೌಕಾಕಾರದ ತುಂಡುಗಳು. ಕಾಕಾ ಎಡಗೈಯ ಚಮಚದಿಂದ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಎಲ್ಲಾ ಒಂದ ಅಳತಿ ಮಾಡ್ಯಾರ. ಹಂಗಾದ್ರ ಬುಡ ಎಲ್ಲಿ ಹಾಕಿದ್ರು?"

ನಾನು ಎದ್ದು ಹೊರಗೆ ಹೋದೆ. ಹೋಗದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮನೆಗೆ ಬಂದು ಪಟ್ಟಿ ಬಿಚ್ಚಿದ ಮೇಲೆ, ಒಂದು ಬೆಳಿಗ್ಗೆ ಅಯ್ಯನವರು ಕಾಕಾನನ್ನು ನೋಡಲು ಬಂದಿದ್ದರು. ಶಿವಲೀಲಾ ಬಂದಿದ್ದಳು, ಸೆಲ್ವಿ ಕೆಲಸದಲ್ಲಿದ್ದಳು. ನಾನೂ ಇದ್ದೆ. ಕಾಕಾ ಸ್ನಾನ ಮಾಡಿ ಪೂಜೆಗೆ ಕೂತರು. ಆಸ್ಪತ್ರೆಯಲ್ಲಿದ್ದಾಗ ಎಡಗೈಯಿಂದಲೇ ಹೇಗೋ ನಡೆಸಿದ್ದರು, ಬಲಗೈ ಬಳಸಿದ್ದು ಅವತ್ತೇ ಮೊದಲು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯ ಮೂರು ಬೆರಳನ್ನು ವಿಭೂತಿಗೆ ಅದ್ದಿ ಹಣೆಗೆ ಎಳೆದರು. ಕೈ ಇಳಿಸಿದಾಗ ಹಣೆಯ ಮೇಲೆ ಎರಡೇ ಗೆರೆ. ಮೇಲಿನ ಗೆರೆ ಇರಲಿಲ್ಲ. ಅದನ್ನು ಎಳೆಯಬೇಕಾದ ಬೆರಳು ಹಣೆಯನ್ನು ಮುಟ್ಟಿಯೇ ಇರಲಿಲ್ಲ.

ಕಾಕಾನಿಗೆ ಅದು ಗೊತ್ತಾಯಿತು. ಮತ್ತೆ ಅದ್ದಿದರು, ಮತ್ತೆ ಎಳೆದರು. ಮತ್ತೆ ಎರಡೇ. ಮೂರನೆಯ ಸಲ ಆ ಗಿಡ್ಡ ಬೆರಳನ್ನು ಹಣೆಗೆ ಜೋರಾಗಿ ಒತ್ತಿದರು. ನೋವಿಗೆ ಮುಖ ಕಿವುಚಿತು. ಕೈ ಹಾಗೆಯೇ ತೊಡೆಯ ಮೇಲೆ ಬಿತ್ತು. ಅಷ್ಟು ದಿನಗಳಲ್ಲಿ ಅವರು ಆ ಬೆರಳನ್ನು ನೇರವಾಗಿ ನೋಡಿದ್ದು ಆಗಲೇ.

ಕಾಕು ಒಲೆಯ ಮುಂದಿನಿಂದ ಬಂದರು. ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಗಂಡನ ಎದುರು ಕೂತು, ತಮ್ಮ ತೋರುಬೆರಳನ್ನು ವಿಭೂತಿಗೆ ಅದ್ದಿ, ಉಳಿದೆರಡು ಗೆರೆಗಳ ಮೇಲೆ ಮೂರನೆಯದನ್ನು ಎಳೆದರು. ಗೆರೆ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಯಿತು. ಎದುರಿಗಿದ್ದ ತಾಮ್ರದ ತಂಬಿಗೆಯಲ್ಲಿ ಕಾಕಾ ಮುಖ ನೋಡಿಕೊಂಡರು.

"ಸೊಟ್ಟ ಆತು," ಅಂದರು.

"ಆಗ್ಲಿ. ನಾಳೆ ನೆಟ್ಟಗ ಎಳೀತೀನಿ," ಅಂದರು ಕಾಕು.

ಇದನ್ನು ನೋಡಿದವರು ನನ್ನ ಹೊರತು ಮೂವರು. ಅಯ್ಯನವರು ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದ್ದರು, ಆದರೆ ನೋಡಿದರು. ಅವರು ಈಚೆಗೆ ಲಿಂಗೈಕ್ಯರಾದರು. ಶಿವಲೀಲಾ ಪೋರೂರಿನಲ್ಲಿದ್ದಾಳೆ. ಸೆಲ್ವಿ ಈಗಲೂ ದಿನಾ ಬೆಳಿಗ್ಗೆ ಆ ಮನೆಗೆ ಕೆಲಸಕ್ಕೆ ಬರುತ್ತಾಳೆ. ಇಬ್ಬರೂ ಇದ್ದಾರೆ, ಕೇಳಿದರೆ ಹೇಳುತ್ತಾರೆ.